ದೋಟಿ ಪಂಚೆಯಾದ ಬಗೆ: ಡೊಮೇನ್ ಹೆಸರಿನ ಆಯ್ಕೆಯ ಕುರಿತು

ಮಾನ್ಯ ಸಂಪಾದಕರಿಗೆ,

ಕಳೆದ ವಾರ ತಮ್ಮ ಪತ್ರಿಕೆಯ ಉದ್ಯೋಗ ಪುರವಣಿಯಲ್ಲಿ, ಅಫಿಲಿಯೇಟ್ ಜಾಲತಾಣದ ಮೂಲಕ ಮನೆಯಲ್ಲಿದ್ದುಕೊಂಡೇ ಸಂಪಾದಿಸುವ ಬಗೆಯನ್ನು ವಿವರಿಸುವ ಲೇಖನವೊಂದು ಪ್ರಕಟವಾಗಿತ್ತು. ಒಂದೇ ಬಗೆಯ ಸರಕಿನ ವಿಷಯವನ್ನು ಹಿಡಿದು ಬರೆಯುವುದು, ಆ ಸರಕನ್ನು ಮಾರುವ ಆನ್‌ಲೈನ್ ಅಂಗಡಿಯ ಕೊಂಡಿಯನ್ನು ಬರಹದ ನಡುವೆ ಕೊಡುವುದು, ಓದಿದವರು ಆ ಕೊಂಡಿಯನ್ನು ಒತ್ತಿ ಕೊಂಡರೆ ಅಂಗಡಿಯವರಿಂದ ಒಂದಿಷ್ಟು ಕಮಿಷನ್ ಪಡೆಯುವುದು, ಇದು ಹೊಸ ಪದ್ಧತಿಯೇನಲ್ಲ. ಅಮೆಜಾನ್ ತನ್ನ ‘ಅಸೋಸಿಯೇಟ್ಸ್’ ಯೋಜನೆಯನ್ನು ಆರಂಭಿಸಿದ್ದೇ 1996ರಲ್ಲಿ. ಲೇಖನದ ಬಹುಭಾಗದ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ಬದಿಯ ಚೌಕಟ್ಟಿನಲ್ಲಿ ಕೊಟ್ಟಿದ್ದ ಸಲಹೆಗಳ ಬಗ್ಗೆ. ಡೊಮೇನ್ ಹೆಸರಿನೊಳಗೆ, ಅಂದರೆ ಜಾಲತಾಣದ ವಿಳಾಸದೊಳಗೆ, ಮಾರುವ ಸರಕಿನ ಹೆಸರನ್ನೂ ‘ಬೆಸ್ಟ್’ ಎಂಬ ಪದವನ್ನೂ ಸೇರಿಸಬೇಕು, ಸಾಧ್ಯವಾದರೆ ಪ್ರಸಿದ್ಧ ಬ್ರ್ಯಾಂಡಿನ ಹೆಸರನ್ನೇ ಬಳಸಿಕೊಳ್ಳಬೇಕು, ಅದೂ ಸಿಗದಿದ್ದರೆ ಯಾರೋ ಬಿಟ್ಟುಹೋದ ಹಳೆಯ ಡೊಮೇನನ್ನು ಕೊಂಡು ಅದರ ಬಲದಲ್ಲಿ ಮೇಲೇರಬೇಕು ಎಂದು ಅಲ್ಲಿ ಹೇಳಲಾಗಿತ್ತು.

ಈ ಸಲಹೆಗಳ ಹಿಂದಿರುವ ಎಣಿಕೆ ಒಂದೇ: ಹೆಸರಿಡುವುದು ಗೂಗಲ್‌ಗಾಗಿ. ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಒಬ್ಬ ಸಾಧಾರಣ ಅಡಿಕೆ ಬೆಳೆಗಾರನಾದ ನಾನು 2016ರಿಂದ ತೋಟದ ಸಲಕರಣೆಗಳ ಬಗ್ಗೆ ಒಂದು ಚಿಕ್ಕ ಜಾಲತಾಣವನ್ನು ನಡೆಸುತ್ತಿದ್ದೇನೆ. ಅಡಿಕೆ ಕೊಯ್ಯುವ ದೋಟಿ, ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಇಷ್ಟೇ ಅದರ ವ್ಯಾಪ್ತಿ. ಇದರಿಂದ ಬರುವ ಕಮಿಷನ್ ಹಣ ತೋಟದ ಗೊಬ್ಬರದ ಖರ್ಚಿಗೆ ಅಲ್ಲಿಗಲ್ಲಿಗೆ ಆಗುತ್ತದೆ, ಹೆಚ್ಚೇನೂ ಇಲ್ಲ. ಆದರೆ ಹೆಸರಿನ ವಿಷಯದಲ್ಲಿ ನಾನು ಕಲಿತದ್ದು ಆ ಎಣಿಕೆಗೆ ತೀರಾ ವಿರುದ್ಧವಾಗಿದೆ. ಡೊಮೇನ್ ಹೆಸರನ್ನು ಒಬ್ಬರು ಬಾಯಲ್ಲಿ ಹೇಳಿ, ಇನ್ನೊಬ್ಬರು ಕಿವಿಯಲ್ಲಿ ಕೇಳಿ, ತಪ್ಪಿಲ್ಲದೆ ಒತ್ತುವಂತಿರಬೇಕು. ಕನ್ನಡದ ಹೆಸರಿಗೆ ಇದು ನಾವೆಣಿಸಿದಷ್ಟು ಸುಲಭವಲ್ಲ. ತಮ್ಮ ಲೇಖನ ಈ ಮಾತನ್ನೇ ಎತ್ತದಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಬಯಲುಸೀಮೆಯ ಓದುಗರಿಗಾಗಿ ಹೇಳುವುದಾದರೆ, ದೋಟಿ ಎಂದರೆ ತುದಿಯಲ್ಲಿ ಕತ್ತಿ ಕಟ್ಟಿದ ಉದ್ದನೆಯ ಗಳ. ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊನೆ, ಇಳಿಸುವ ಕೊನೆಗೌಡರು ಸಿಗುವುದು ಅಪರೂಪವಾದ ಮೇಲೆ, ಕಾರ್ಬನ್ ಫೈಬರಿನ ಹಗುರವಾದ ದೋಟಿಗಳು ಬಂದವು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಅದರ ತುದಿಗೆ ನಳಿಗೆ ಸಿಕ್ಕಿಸಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನೂ ಹೊಡೆಯಬಹುದು. ನನ್ನ ತಾಣ ಶುರುವಾದದ್ದೇ ಇದರ ಬಗ್ಗೆ ಬರೆಯುವುದಕ್ಕಾಗಿ. ಆದ್ದರಿಂದ ದೋಟಿ ಎಂಬ ಪದವನ್ನೇ ಮುಂದಿಟ್ಟುಕೊಂಡು ಡಾಟ್ ಕಾಮ್ ಹೆಸರೊಂದನ್ನು ನೋಂದಾಯಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ‘ದ’ ಎಂಬುದು ‘ಡ’ ಆಗದಿರಲಿ ಎಂಬ ಎಚ್ಚರದಿಂದ ಡಿ ಪಕ್ಕದಲ್ಲಿ ಒಂದು ಎಚ್ ಸೇರಿಸಿದೆ. ಡಿ, ಎಚ್, ಓ, ಟಿ, ಐ. ನನ್ನ ಎಚ್ಚರಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರು ತಿಂಗಳ ನಂತರ, ಯಾವ ಯಾವ ಪದಗಳನ್ನು ಹುಡುಕಿದಾಗ ನನ್ನ ತಾಣ ಕಾಣಿಸಿಕೊಂಡಿದೆ ಎಂಬ ಗೂಗಲ್‌ನ ಪಟ್ಟಿಯನ್ನು ತೆರೆದು ನೋಡಿದರೆ, ಅದರಲ್ಲಿ ಅಡಿಕೆಯ ಸುದ್ದಿಯೇ ಇರಲಿಲ್ಲ. ಮದುವೆಯ ರೇಷ್ಮೆ ಪಂಚೆಯ ದರ, ಮಕ್ಕಳಿಗೆ ರೆಡಿಮೇಡ್ ಪಂಚೆ, ಪಂಚೆ ಉಡುವ ಕ್ರಮ, ಇಂಥವೇ ತುಂಬಿದ್ದವು. ಆ ಐದು ಅಕ್ಷರಗಳು ಹಿಂದಿಯ ಧೋತಿಯ ಇಂಗ್ಲಿಷ್ ಕಾಗುಣಿತವೆಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಪಂಚೆ ಹುಡುಕಿಕೊಂಡು ಬಂದ ಮದುವೆ ಮನೆಯವರು ಅಡಿಕೆ ಗಳವನ್ನು ನೋಡಿ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಗಳ ಬೇಕಾಗಿದ್ದ ನಮ್ಮ ಸೀಮೆಯ ಬೆಳೆಗಾರರು ಎಚ್ ಇಲ್ಲದೆ ಟೈಪ್ ಮಾಡಿ ಬೇರೆಲ್ಲೋ ಹೋಗುತ್ತಿದ್ದರು.

ಇದನ್ನು ನನ್ನೊಬ್ಬನ ಪೆದ್ದುತನವೆಂದು ತಳ್ಳಿಹಾಕುವಂತಿಲ್ಲ. ತ ಮತ್ತು ಟ, ದ ಮತ್ತು ಡ, ನ ಮತ್ತು ಣ, ಲ ಮತ್ತು ಳ, ಇವುಗಳ ಜೊತೆಗೆ ಪ್ರತಿಯೊಂದು ಸ್ವರದ ಹ್ರಸ್ವ ದೀರ್ಘಗಳು, ಇಷ್ಟನ್ನೂ ಡೊಮೇನ್ ಹೆಸರಿನಲ್ಲಿ ಹೊರಬೇಕಾದದ್ದು ಇಂಗ್ಲಿಷಿನ 26 ಅಕ್ಷರಗಳು, 10 ಅಂಕಿಗಳು ಮತ್ತು ಒಂದು ಅಡ್ಡಗೆರೆ. ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಾದವರು ದೊಡ್ಡಕ್ಷರ ಒತ್ತಿ ‘ಟ’ವನ್ನೂ ‘ಳ’ವನ್ನೂ ಪಡೆಯುತ್ತಾರೆ, ಡೊಮೇನಿನಲ್ಲಿ ಆ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ದೊಡ್ಡಕ್ಷರಕ್ಕೂ ಚಿಕ್ಕಕ್ಷರಕ್ಕೂ ಭೇದವೇ ಇಲ್ಲ. ತೋಟ ಎಂಬ ಎರಡಕ್ಷರದ ಪದವನ್ನು ತೆಗೆದುಕೊಳ್ಳಿ. ಟಿ ಆದ ಮೇಲೆ ಎಚ್ ಬೇಕೇ ಬೇಡವೇ, ಓ ಒಂದೇ ಅಥವಾ ಎರಡೇ, ಕೊನೆಯ ಟಿ ಒಂಟಿಯೇ ಜೋಡಿಯೇ ಎಂಬುದನ್ನು ಒಂದೇ ಮನೆಯ ಅಣ್ಣ ತಮ್ಮಂದಿರು ಒಂದೇ ರೀತಿ ಬರೆಯುವುದಿಲ್ಲ. ಮನೆ ಎಂದು ಬರೆದರೆ ಇಂಗ್ಲಿಷ್ ಓದುವವರಿಗೆ ಅದು ಕುದುರೆಯ ಕತ್ತಿನ ಕೂದಲು. ಅಡಿಕೆಯನ್ನಂತೂ ಕನ್ನಡದಲ್ಲೇ ಅಡಿಕೆ, ಅಡಕೆ ಎಂದು ಎರಡು ಬಗೆಯಾಗಿ ಅಚ್ಚು ಹಾಕುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಬಂದ ಮೇಲೆ ಅದರ ಅವತಾರಗಳನ್ನು ಎಣಿಸುವುದೇ ಬೇಡ.

ಊರಿನ ಹೆಸರನ್ನು ಸೇರಿಸಿಕೊಂಡರೆ ಈ ಗೊಂದಲ ತಪ್ಪೀತೆಂದು ಹಲವರು ತಿಳಿಯುತ್ತಾರೆ. ಊರಿನ ಹೆಸರಿನ ಕಾಗುಣಿತವೂ ಶಾಶ್ವತವಲ್ಲ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಶಿವಮೊಗ್ಗ ಸೇರಿದಂತೆ 12 ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ಕಾಗುಣಿತದಲ್ಲಿ ಡೊಮೇನ್ ಕೊಂಡವರು ಹೊಸದನ್ನೂ ಕೊಳ್ಳಬೇಕಾಯಿತು, ಇಲ್ಲವೇ ಹಳೆಯ ಬೋರ್ಡಿನ ಕೆಳಗೇ ಕೂರಬೇಕಾಯಿತು. ನಮ್ಮ ಶಿರಸಿಯಂತೂ ಇಂಗ್ಲಿಷಿನಲ್ಲಿ ಮೊದಲಿನಿಂದಲೂ ಸಿರ್ಸಿ.

ಹಾಗಾದರೆ ಕನ್ನಡದ ಹೆಸರೇ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು, ಆದರೆ ಆರಿಸಿ ಇಡಬೇಕು. ನಂದಿನಿ ಎಂಬ ಹೆಸರನ್ನು ನೋಡಿ. ಅದರಲ್ಲಿ ಹಾಲು ಎಂಬ ಪದವಿಲ್ಲ, ಮೊಸರು ಎಂಬ ಪದವಿಲ್ಲ. ಆದರೂ ಇಂಗ್ಲಿಷಿನಲ್ಲಿ ಅದನ್ನು ಎರಡು ಬಗೆಯಾಗಿ ಬರೆಯುವವರು ಸಿಗುವುದು ಕಷ್ಟ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯ ಮಾರುದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 1973ರಲ್ಲಿ ಕ್ಯಾಂಪ್ಕೊ ಎಂದು ಮಾಡಿಕೊಂಡರು. ಇಂದು ಅಕ್ಷರ ಬಾರದ ಕೂಲಿಯವರೂ ಅದನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎರಡು ಮೂರು ಅಕ್ಷರದ, ಒತ್ತಕ್ಷರ ಕಡಿಮೆ ಇರುವ, ಟ ಡ ಳ ಣಗಳು ಇಲ್ಲದ ಕನ್ನಡ ಪದಗಳು ಬೇಕಾದಷ್ಟಿವೆ. ತುಸು ಹುಡುಕಬೇಕಾಗುತ್ತದೆ, ಅಷ್ಟೆ.

ಒಂದು ಪರೀಕ್ಷೆಯನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಹೆಸರನ್ನು ಕೊಳ್ಳುವ ಮೊದಲು ಮೂವರಿಗೆ ಫೋನ್ ಮಾಡಿ, ಅಕ್ಷರ ಬಿಡಿಸಿ ಹೇಳದೆ, ಒಮ್ಮೆ ಮಾತ್ರ ಆ ಹೆಸರನ್ನು ಉಚ್ಚರಿಸಿ, ಕೇಳಿಸಿದಂತೆ ಬರೆದು ಕಳುಹಿಸಲು ಕೋರಬೇಕು. ಮೂವರೂ ಒಂದೇ ರೀತಿ ಬರೆದರೆ ಕೊಳ್ಳಬಹುದು. ಇಬ್ಬರು ಒಂದು ರೀತಿ, ಒಬ್ಬರು ಇನ್ನೊಂದು ರೀತಿ ಬರೆದರೆ ಎರಡನ್ನೂ ಕೊಂಡು, ಒಂದನ್ನು ಇನ್ನೊಂದಕ್ಕೆ ತಿರುಗಿಸಿಡಬಹುದು. ಮೂವರೂ ಮೂರು ರೀತಿ ಬರೆದರೆ ಆ ಹೆಸರನ್ನು ಬಿಡುವುದೇ ಲೇಸು. ಇದು ಹಳ್ಳಿಯವರಿಗೆ ಮಾತ್ರ ಬೇಕಾದ ಪರೀಕ್ಷೆಯೆಂದು ಯಾರೂ ಭಾವಿಸಬೇಕಿಲ್ಲ. ಜೆಫ್ ಬೆಜೋಸ್ 1994ರಲ್ಲಿ ತಮ್ಮ ಕಂಪನಿಗೆ ಮೊದಲು ಇಟ್ಟಿದ್ದ ಹೆಸರು ಕಡಾಬ್ರ. ಫೋನಿನಲ್ಲಿ ಅದನ್ನು ಕೇಳಿದ ಅವರ ವಕೀಲರಿಗೆ ಅದು ‘ಕಡಾವರ್’ ಎಂದು, ಅಂದರೆ ಹೆಣವೆಂದು, ಕೇಳಿಸಿತು. ಆ ಹೆಸರು ಹೋಗಿ ಅಮೆಜಾನ್ ಎಂಬ ನದಿಯ ಹೆಸರು ಬಂತು. ಅದರಲ್ಲಿ ಪುಸ್ತಕದ ಸೊಲ್ಲೇ ಇಲ್ಲದ ಕಾರಣ, ಪುಸ್ತಕದಂಗಡಿಯಾಗಿ ಶುರುವಾದದ್ದು ಸಕಲವನ್ನೂ ಮಾರುವ ಅಂಗಡಿಯಾದಾಗಲೂ ಹೆಸರನ್ನು ಬದಲಿಸಬೇಕಾಗಲಿಲ್ಲ.

ಕನ್ನಡ ಲಿಪಿಯಲ್ಲೇ ಡೊಮೇನ್ ಕೊಳ್ಳುವ ಅವಕಾಶವೂ ಈಗ ಇದೆ. ಡಾಟ್ ಇನ್ ನೋಂದಣಿಯನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಡಾಟ್ ಭಾರತ ಎಂಬುದನ್ನು ಕನ್ನಡ ಅಕ್ಷರಗಳಲ್ಲಿ ಕೊಡುತ್ತದೆ. ನಾನೂ ಒಂದನ್ನು ಕೊಂಡಿದ್ದೇನೆ. ದೋಟಿಯನ್ನು ದೋಟಿಯೆಂದೇ ಬರೆಯಬಹುದಾದ ಸಂತೋಷಕ್ಕೇ ಆ ದುಡ್ಡು ಸಂದಿತು. ಆದರೆ ಅದನ್ನೇ ಮುಖ್ಯ ಹೆಸರಾಗಿಸುವ ಧೈರ್ಯ ಇನ್ನೂ ಬಂದಿಲ್ಲ. ಕಂಪ್ಯೂಟರುಗಳು ತಮ್ಮೊಳಗೆ ಈ ಕನ್ನಡ ಹೆಸರನ್ನು ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಪರಿವರ್ತಿಸಿಕೊಳ್ಳುತ್ತವೆ, ಮತ್ತು ಕೊಂಡಿಯನ್ನು ನಕಲು ಮಾಡಿ ಯಾರಿಗಾದರೂ ಕಳುಹಿಸಿದಾಗ ಎಷ್ಟೋ ಸಲ ಆ ಸಾಲೇ ಎದ್ದು ಕಾಣುತ್ತದೆ. ಮೋಸದ ಕೊಂಡಿಗಳ ಬಗ್ಗೆ ಬ್ಯಾಂಕಿನವರಿಂದ ದಿನವೂ ಎಚ್ಚರಿಕೆ ಕೇಳುವ ಬೆಳೆಗಾರ ಅಂಥದನ್ನು ಒತ್ತುವುದಿಲ್ಲ, ಒತ್ತಬಾರದು ಕೂಡ. ಹೀಗಾಗಿ ಕನ್ನಡ ಹೆಸರನ್ನು ಎರಡನೆಯದಾಗಿ ಇಟ್ಟುಕೊಂಡು ಮುಖ್ಯ ತಾಣಕ್ಕೆ ತಿರುಗಿಸಿದ್ದೇನೆ.

ಇನ್ನು ಸರಕಿನ ಹೆಸರನ್ನೇ ಡೊಮೇನಿನಲ್ಲಿ ತುರುಕುವ ಸಲಹೆಯ ವಿಷಯ. ಇದು ಒಂದು ಕಾಲದಲ್ಲಿ ನಡೆಯುತ್ತಿತ್ತು ಎಂಬುದು ನಿಜ. ಜನ ಹುಡುಕುವ ಪದಗಳನ್ನು ಹಾಗೆಹಾಗೇ ಪೋಣಿಸಿ ಹೆಸರು ಮಾಡಿದರೆ, ಒಳಗೆ ಬರಹ ಹೇಗೇ ಇದ್ದರೂ ಗೂಗಲ್‌ನಲ್ಲಿ ಮೇಲಕ್ಕೆ ಬರುತ್ತಿತ್ತು. 2012ರ ಸೆಪ್ಟೆಂಬರ್ ಕೊನೆಯಲ್ಲಿ, ಇಂಥ ಹೆಸರಿನ ಕಳಪೆ ತಾಣಗಳನ್ನು ಕೆಳಗಿಳಿಸುವ ಬದಲಾವಣೆಯನ್ನು ಗೂಗಲ್ ಪರವಾಗಿ ಮ್ಯಾಟ್ ಕಟ್ಸ್ ಪ್ರಕಟಿಸಿದರು; ಅಮೆರಿಕದ ಇಂಗ್ಲಿಷ್ ಹುಡುಕಾಟಗಳ ಪೈಕಿ ಶೇ 0.6ರಷ್ಟರಲ್ಲಿ ಅದರ ಪರಿಣಾಮ ಕಾಣುವುದೆಂದು ಆಗ ಹೇಳಿದ್ದರು. ಅಂದರೆ ತಮ್ಮ ಲೇಖನದ ಈ ಸೂತ್ರ 2012ರಲ್ಲೇ ಸವಕಲಾದ ನಾಣ್ಯ. ಸರಕಿನ ಹೆಸರು ಇರಲೇಬಾರದೆಂದು ನಾನು ಹೇಳುವುದಿಲ್ಲ. ವಿಷಯವೇನೆಂದು ಓದುಗರಿಗೆ ಹೊಳೆಯುವ ಒಂದು ಪದವಿದ್ದರೆ ಒಳ್ಳೆಯದೇ. ‘ಬೆಸ್ಟ್’, ‘ಟಾಪ್’, ‘ರಿವ್ಯೂ’ಗಳ ಸಾಲು ಮಾತ್ರ ಸಂತೆಯಲ್ಲಿ ಕೂಗುವವನ ಧ್ವನಿಯಂತೆ ಕೇಳಿಸುತ್ತದೆ, ಅದರಲ್ಲೂ ಅಡ್ಡಗೆರೆಗಳ ಸಹಿತ. ಫೋನಿನಲ್ಲಿ ಅಡ್ಡಗೆರೆಯನ್ನು ಹೇಳುವುದಾದರೂ ಹೇಗೆ?

ಸರಕಿನ ಹೆಸರಿಗೆ ಕಟ್ಟುಬಿದ್ದರೆ ಇನ್ನೊಂದು ತೊಂದರೆಯಿದೆ, ಅದು ನಿಧಾನವಾಗಿ ಗೊತ್ತಾಗುತ್ತದೆ. ದೋಟಿಯನ್ನು ಒಬ್ಬ ಬೆಳೆಗಾರ ಒಮ್ಮೆ ಕೊಂಡರೆ ಹಲವು ವರ್ಷ ಮತ್ತೆ ಕೊಳ್ಳುವುದಿಲ್ಲ. ಕಳೆ ಯಂತ್ರದ ಬಗ್ಗೆ, ಸುಲಿಯುವ ಯಂತ್ರದ ಬಗ್ಗೆ ಬರೆಯಲು ಹೊರಟಾಗ ದೋಟಿಯ ಹೆಸರಿನ ತಾಣದಲ್ಲಿ ಅವು ನೆಂಟರಂತೆ ಮುದುರಿ ಕುಳಿತವು. ಅಫಿಲಿಯೇಟ್ ತಾಣಗಳಲ್ಲಿ ಬಹಳ ಹೆಸರುಗಳಿಸಿದ ಅಮೆರಿಕದ ವೈರ್‌ಕಟರ್ 2011ರಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳ ವಿಮರ್ಶೆಯೊಂದಿಗೆ ಆರಂಭವಾಯಿತು. ಮುಂದೆ ಹಾಸಿಗೆಗೂ ಅಡುಗೆ ಪಾತ್ರೆಗೂ ಹರಡಿಕೊಂಡಿತು. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಸುಮಾರು 3 ಕೋಟಿ ಡಾಲರಿಗೆ ಕೊಂಡಿತು. ಅದಕ್ಕೆ ಇಂಥದೇ ಫೋನಿನ ಅಥವಾ ಇಂಥದೇ ಟಿವಿಯ ಹೆಸರನ್ನು ಇಟ್ಟಿದ್ದರೆ ಹಾಸಿಗೆಯ ಬಗ್ಗೆ ಬರೆಯುವುದು ನಗೆಪಾಟಲಾಗುತ್ತಿತ್ತು. 2018ರಲ್ಲಿ ನಾನು ದೋಟಿಯನ್ನು ಬಿಟ್ಟು, ತೋಟದ ಕೆಲಸವನ್ನೆಲ್ಲ ಒಳಗೊಳ್ಳುವ, ಮೂವರೂ ಒಂದೇ ರೀತಿ ಬರೆದ ಹೆಸರಿಗೆ ಬಂದೆ. ಇಲ್ಲಿ ಆ ಹೆಸರನ್ನು ಹೇಳುವುದಿಲ್ಲ. ಸಂಪಾದಕರಿಗೆ ಬರೆಯುವ ಪತ್ರ ಜಾಹೀರಾತಾಗಬಾರದು.

ಬ್ರ್ಯಾಂಡಿನ ಹೆಸರನ್ನು ಬಳಸಿರೆಂಬ ಸಲಹೆಯನ್ನು ಮಾತ್ರ ಸುಮ್ಮನೆ ಬಿಡುವಂತಿಲ್ಲ. ಅಮೆಜಾನ್‌ನ ಅಸೋಸಿಯೇಟ್ಸ್ ಕರಾರಿನಲ್ಲಿಯೇ, ತನ್ನ ಟ್ರೇಡ್‌ಮಾರ್ಕನ್ನಾಗಲಿ ಅದರ ತಪ್ಪು ಕಾಗುಣಿತವನ್ನಾಗಲಿ ಡೊಮೇನ್ ಹೆಸರಿನಲ್ಲಿ ಬಳಸಕೂಡದೆಂಬ ನಿಷೇಧವಿದೆ. ಕರಾರನ್ನು ಓದದೆ ‘ಒಪ್ಪಿದೆ’ ಎಂದು ಒತ್ತುವುದು ನಮ್ಮೆಲ್ಲರ ಚಾಳಿ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ, ಒಂದು ದೊಡ್ಡ ಕಂಪನಿಯ ಮೊಬೈಲಿನ ಹೆಸರಿಗೆ ‘ಕವರ್’ ಎಂಬ ಪದ ಸೇರಿಸಿ ಡೊಮೇನ್ ಮಾಡಿ, ರಾತ್ರಿಯೆಲ್ಲ ಕುಳಿತು ಎಂಬತ್ತು ಪುಟ ಬರೆದಿದ್ದ. ಕಂಪನಿಯ ವಕೀಲರಿಂದ ಇಮೇಲ್ ಬಂತು, ಅದರ ಹಿಂದೆಯೇ ಅಫಿಲಿಯೇಟ್ ಖಾತೆ ಮುಚ್ಚಿತು, ಜಮೆಯಾಗಿದ್ದ ಕಮಿಷನ್ನೂ ಕೈಗೆ ಬರಲಿಲ್ಲ. ‘ಅವರ ಮಾಲನ್ನೇ ನಾನು ಮಾರಿಸಿಕೊಡುತ್ತಿದ್ದೆನಲ್ಲ ಮಾಮಾ’ ಎಂದು ಅವನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಸಮಾಧಾನದ ಮಾತಿತ್ತೇ ಹೊರತು ಉತ್ತರವಿರಲಿಲ್ಲ. ಉತ್ತರ ಆಮೇಲೆ ಸಿಕ್ಕಿತು.

ಅದು ನಮ್ಮ ಬೆಂಗಳೂರಿನ ನ್ಯಾಯಾಲಯದಲ್ಲೇ ಆರಂಭವಾದ ಮೊಕದ್ದಮೆ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದ ‘ಸಿಫಿ’ ಎಂಬ ಪದವನ್ನು ಹೊಸೆದು, ಅದರ ಮೇಲೆ ಹಲವು ಡೊಮೇನ್‌ಗಳನ್ನು ಇಟ್ಟುಕೊಂಡಿತ್ತು. ಇನ್ನೊಂದು ಕಂಪನಿ ಅದೇ ಪದದಲ್ಲಿ ಎಫ್ ಅಕ್ಷರವನ್ನು ಎರಡು ಸಲ ಬರೆದು ಸಿಫಿನೆಟ್ ಎಂದು ನೋಂದಾಯಿಸಿತು. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆರವು ಮಾಡಿತು, ಸುಪ್ರೀಂ ಕೋರ್ಟ್ 2004ರ ಮೇ 6ರಂದು ತಡೆಯಾಜ್ಞೆಯನ್ನು ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತು ಕೂಡ ಹೌದು, ಆದ್ದರಿಂದ ಒಬ್ಬರ ಹೆಸರಿನ ನೆರಳಿನಲ್ಲಿ ಇನ್ನೊಬ್ಬರು ವ್ಯಾಪಾರ ಮಾಡಿದರೆ ಟ್ರೇಡ್‌ಮಾರ್ಕಿಗೆ ಅನ್ವಯಿಸುವ ನಿಯಮಗಳೇ ಅದಕ್ಕೂ ಅನ್ವಯಿಸುತ್ತವೆ ಎಂಬುದು ಆ ತೀರ್ಪಿನ ತಿರುಳು. ಒಂದು ಅಕ್ಷರ ಹೆಚ್ಚಿದ್ದರೂ ಕಿವಿಗೆ ಎರಡೂ ಒಂದೇ ಎಂಬುದನ್ನು ಗಮನಿಸಬೇಕು. ಕನ್ನಡದ ಹೆಸರಿಗೆ ಕಾಟ ಕೊಡುವ ಕಾಗುಣಿತದ ಸಡಿಲವೇ, ಬೇರೆಯವರ ಬ್ರ್ಯಾಂಡನ್ನು ಎರವಲು ಪಡೆಯುವವನಿಗೆ ತಪ್ಪಿಸಿಕೊಳ್ಳುವ ದಾರಿಯಾಗುವುದಿಲ್ಲ.

ಕೋರ್ಟಿನವರೆಗೂ ಹೋಗಬೇಕೆಂದೇನಿಲ್ಲ. ಡಾಟ್ ಕಾಮ್ ಮುಂತಾದವುಗಳಿಗೆ 1999ರಿಂದ ಜಾಗತಿಕ ವ್ಯಾಜ್ಯ ನಿಯಮವಿದೆ; ಡಾಟ್ ಇನ್‌ಗೆ ನಿಕ್ಸಿಯದೇ ಪ್ರತ್ಯೇಕ ನಿಯಮವಿದೆ. ಇವೆರಡರ ನಡುವೆ ಒಂದು ಸಣ್ಣ ಪದದ ವ್ಯತ್ಯಾಸವುಂಟು. ಜಾಗತಿಕ ನಿಯಮದಲ್ಲಿ, ಹೆಸರನ್ನು ದುರುದ್ದೇಶದಿಂದ ನೋಂದಾಯಿಸಿದ್ದನ್ನೂ ದುರುದ್ದೇಶದಿಂದ ಬಳಸುತ್ತಿರುವುದನ್ನೂ ದೂರುದಾರ ತೋರಿಸಬೇಕು. ಡಾಟ್ ಇನ್ ನಿಯಮದಲ್ಲಿ ಎರಡರಲ್ಲಿ ಯಾವುದಾದರೂ ಒಂದು ಸಾಕು. ‘ಮತ್ತು’ ಇದ್ದಲ್ಲಿ ‘ಅಥವಾ’ ಬಂದರೆ ಯಾರ ಕೈ ಮೇಲಾಗುತ್ತದೆಂಬುದನ್ನು ಜಮೀನಿನ ದಾವೆಗಳನ್ನು ಕಂಡ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇಶದ ಹೆಸರಲ್ಲವೇ, ಕೇಳುವವರಾರು ಎಂದು ಡಾಟ್ ಇನ್‌ನಲ್ಲಿ ಬ್ರ್ಯಾಂಡಿನ ಹೆಸರು ಇಟ್ಟುಕೊಳ್ಳುವವರು ಇದನ್ನು ತಿಳಿದಿರಬೇಕು.

ಕಂಪನಿಯ ಹೆಸರಲ್ಲದಿದ್ದರೂ ಮೋಸವೇ ಆಗುವ ಇನ್ನೊಂದು ಬಗೆಯ ಹೆಸರುಗಳಿವೆ. ಹೋಬಳಿಗಳಲ್ಲಿರುವ ರೈತ ಸಂಪರ್ಕ ಕೇಂದ್ರ ಕೃಷಿ ಇಲಾಖೆಯದು. ಅದರ ಹೆಸರನ್ನು ಹೋಲುವ ಡೊಮೇನ್ ಇಟ್ಟುಕೊಂಡು ಒಳಗೆ ಪಂಪಿನ ಕೊಂಡಿ ಕೊಟ್ಟರೆ, ಸಬ್ಸಿಡಿಯ ಮಾಹಿತಿ ಸಿಕ್ಕೀತೆಂದು ಬಂದ ರೈತ ಸರ್ಕಾರವೇ ಆ ಪಂಪನ್ನು ಹೇಳಿದೆಯೆಂದು ತಿಳಿಯುತ್ತಾನೆ. 2022ರ ಜೂನ್ 9ರಂದು ಹೊರಟ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿಯ ಪ್ರಕಾರ, ಸರಕನ್ನು ಹೊಗಳುವವರು ಮಾರುವವರೊಂದಿಗಿನ ತಮ್ಮ ಹಣದ ಸಂಬಂಧವನ್ನು ತೆರೆದು ಹೇಳಬೇಕು. ಪುಟದ ತಳದಲ್ಲಿ ‘ಇದರಲ್ಲಿ ನನಗೆ ಕಮಿಷನ್ ಇದೆ’ ಎಂದು ಬರೆದು, ಪುಟದ ಹಣೆಯ ಮೇಲೆ ಸರ್ಕಾರದ ಛಾಯೆಯ ಹೆಸರನ್ನು ಹಚ್ಚಿಕೊಂಡರೆ ಮೊದಲನೆಯದಕ್ಕೆ ಬೆಲೆಯೇನು ಉಳಿಯಿತು?

ಹಳೆಯ ಡೊಮೇನುಗಳ ವಿಷಯಕ್ಕೆ ಬಂದಾಗ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹೊಸ ಹೆಸರಿಗೆ ಬಂದ ಮೇಲೆ ಆ ಪಂಚೆಯ ಡೊಮೇನಿಗೆ ವರ್ಷವೂ ಏಕೆ ದುಡ್ಡು ಸುರಿಯಬೇಕೆಂದು ಅದನ್ನು ನವೀಕರಿಸದೆ ಬಿಟ್ಟೆ. ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಕೈತಪ್ಪುವುದಿಲ್ಲ. ಹೆಸರನ್ನು ಮಾರಿದ ಕಂಪನಿ, ಅಂದರೆ ರಿಜಿಸ್ಟ್ರಾರ್, ಅದನ್ನು 45 ದಿನಗಳವರೆಗೆ ಇಟ್ಟುಕೊಳ್ಳಬಹುದು, ಅಳಿಸಿದ ಮೇಲೂ 30 ದಿನ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವಿದೆ, ಅದಾದ ನಂತರ 5 ದಿನ ಕಳೆದು ಹೆಸರು ಬಯಲಿಗೆ ಬೀಳುತ್ತದೆ. ಇಷ್ಟೆಲ್ಲ ಎಚ್ಚರಿಕೆಯ ಇಮೇಲುಗಳು ಬಂದರೂ ನಾನು ಲಕ್ಷ್ಯ ಕೊಡಲಿಲ್ಲ. ಒಂದು ದಿನ ಪಕ್ಕದ ಊರಿನ ಬೆಳೆಗಾರರೊಬ್ಬರು ಫೋನ್ ಮಾಡಿ, ‘ನಿಮ್ಮ ದೋಟಿ ಸೈಟಲ್ಲಿ ಇಸ್ಪೀಟು ಬರ್ತಾ ಇದ್ಯಲ್ಲ ಮಾರಾಯ್ರೇ, ಹುಡುಗ್ರು ನೋಡ್ತಿದ್ರು’ ಎಂದರು. ಯಾರೋ ಅದನ್ನು ಕೊಂಡು ಜೂಜಿನ ಪುಟವನ್ನು ಕೂರಿಸಿದ್ದರು. ನಾನೇ ಪ್ರೀತಿಯಿಂದ ಅಚ್ಚು ಹಾಕಿಸಿ, ಪರಿಚಯದವರ ಪಂಪುಗಳ ಮೇಲೆಲ್ಲ ಅಂಟಿಸಿದ್ದ ಸ್ಟಿಕ್ಕರುಗಳಲ್ಲಿ ಇದ್ದದ್ದು ಆ ಹಳೆಯ ಹೆಸರು. ಸ್ಕ್ಯಾನ್ ಮಾಡಿದರೆ ಸೀದಾ ಇಸ್ಪೀಟು. ಎರಡು ಭಾನುವಾರ ಮನೆಮನೆಗೆ ಹೋಗಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆ ಸ್ಟಿಕ್ಕರುಗಳನ್ನು ಕೆರೆದು ತೆಗೆದೆ.

ನನ್ನಂಥವರು ಹೀಗೆ ಬಿಟ್ಟ ಹೆಸರುಗಳನ್ನೇ ಕೊಳ್ಳಿರೆಂದು ತಮ್ಮ ಲೇಖನ ಯುವಕರಿಗೆ ಹೇಳುತ್ತಿದೆ. ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ನಿಯಮಗಳಲ್ಲಿ ಇದನ್ನು ಅವಧಿ ಮುಗಿದ ಡೊಮೇನುಗಳ ದುರ್ಬಳಕೆ ಎಂದು ಹೆಸರಿಸಿ ನಿಷೇಧದ ಪಟ್ಟಿಗೆ ಸೇರಿಸಿದೆ. ಅದು ಕೊಟ್ಟಿರುವ ಉದಾಹರಣೆಗಳಲ್ಲಿ, ಹಿಂದೆ ಸರ್ಕಾರಿ ಸಂಸ್ಥೆಯದಾಗಿದ್ದ ತಾಣದಲ್ಲಿ ಅಫಿಲಿಯೇಟ್ ಬರಹ ಹಾಕುವುದೂ, ಹಿಂದೆ ಪ್ರಾಥಮಿಕ ಶಾಲೆಯದಾಗಿದ್ದ ತಾಣದಲ್ಲಿ ಜೂಜಿನ ವಿಷಯ ಹಾಕುವುದೂ ಸೇರಿವೆ. ಹಳೆಯ ಹೆಸರನ್ನು ಹೊಸ, ಪ್ರಾಮಾಣಿಕ ಕೆಲಸಕ್ಕೆ ಬಳಸಲು ಅಡ್ಡಿಯಿಲ್ಲ. ಹಳೆಯವರ ಹೆಸರಿನ ಬಲದಲ್ಲಿ ಮೇಲೇರಲು ಹೊರಟರೆ ಅಡ್ಡಿಯಿದೆ. ಇಷ್ಟರ ಮೇಲೂ ಕೊಳ್ಳುವವರು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಆ ಹೆಸರಿನ ಹಳೆಯ ಪುಟಗಳನ್ನು ತಿರುವಿ ನೋಡಬೇಕು. ಜಮೀನು ಕೊಳ್ಳುವಾಗ ಋಣಭಾರ ಪತ್ರ ತೆಗೆಸುವವರು ಇದಕ್ಕೆ ಹತ್ತು ನಿಮಿಷ ಕೊಡಲಾರರೇ?

ಬೆಲೆಯ ವಿಷಯ ಚಿಕ್ಕದು. ಡಾಟ್ ಕಾಮ್ ನೋಂದಣಿಯ ಕೀಲಿಕೈ ಇರುವುದು ವೆರಿಸೈನ್ ಸಂಸ್ಥೆಯ ಬಳಿ. 2024ರ ಸೆಪ್ಟೆಂಬರ್‌ನಲ್ಲಿ ಅದರ ಸಗಟು ದರ ವರ್ಷಕ್ಕೆ 10.26 ಡಾಲರಿಗೆ ಏರಿತು, ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿಯ ಮೇಲೆ. ಯಾರಾದರೂ ಡಾಟ್ ಕಾಮ್ ಅನ್ನು 99 ರೂಪಾಯಿಗೆ ಕೊಡುತ್ತೇನೆಂದರೆ, ಉಳಿದದ್ದನ್ನು ಎರಡನೆಯ ವರ್ಷ ವಸೂಲು ಮಾಡುತ್ತಾರೆಂದೇ ಅರ್ಥ. ನವೀಕರಣದ ದರವನ್ನು ಕೇಳಿಯೇ ಕೊಳ್ಳಬೇಕು. ಪುಕ್ಕಟೆಯಾಗಿ ಬಂದದ್ದರ ಗತಿಯನ್ನೂ ಕಂಡಿದ್ದೇವೆ. ಟೊಕೆಲಾವ್, ಮಾಲಿ, ಗ್ಯಾಬನ್ ಮುಂತಾದ ನಾಡುಗಳ ಡೊಮೇನ್ ಸಂಕೇತಗಳಲ್ಲಿ ಬಿಟ್ಟಿ ಹೆಸರು ಹಂಚುತ್ತಿದ್ದ ಫ್ರೀನಾಮ್ 2023ರಲ್ಲಿ ಹೊಸ ನೋಂದಣಿಯನ್ನೇ ನಿಲ್ಲಿಸಿತು, ಗ್ಯಾಬನ್ ತನ್ನ ಸಂಕೇತವನ್ನು ಹಿಂದಕ್ಕೆ ಪಡೆಯಿತು. ಡಾಟ್ ಕಾಮ್ ಇಲ್ಲವೇ ಡಾಟ್ ಇನ್ ಸಾಕು. ಹೆಸರನ್ನು ತನ್ನದೇ ಇಮೇಲ್ ಮತ್ತು ತನ್ನದೇ ಖಾತೆಯಲ್ಲಿ ನೋಂದಾಯಿಸಿಕೊಳ್ಳಬೇಕು. ತಾಣ ಮಾಡಿಕೊಡುವ ಹುಡುಗನ ಖಾತೆಯಲ್ಲಿ ಬಿಟ್ಟರೆ, ಅವನು ಕೆಲಸ ಸಿಕ್ಕಿ ದುಬೈಗೆ ಹೋದ ದಿನ ಹೆಸರೂ ಅವನ ಜೊತೆಗೇ ವಿಮಾನ ಹತ್ತುತ್ತದೆ.

ಸಂಪಾದಕರಲ್ಲಿ ನನ್ನ ಕೋರಿಕೆಯಿಷ್ಟೆ. ಉಳಿದೆರಡು ಸಲಹೆಗಳನ್ನು ಲೇಖಕರ ಅಭಿಪ್ರಾಯವೆಂದು ಬಿಡಬಹುದು. ಬ್ರ್ಯಾಂಡಿನ ಹೆಸರನ್ನು ಬಳಸಬೇಕೆಂಬ ಸಲಹೆಗೆ ಮಾತ್ರ ಮುಂದಿನ ಪುರವಣಿಯಲ್ಲಿ ತಿದ್ದುಪಡಿಯನ್ನು ಪ್ರಕಟಿಸಬೇಕು, ಏಕೆಂದರೆ ಅದನ್ನು ನಂಬಿ ನಡೆದವರಿಗೆ ಬರುವುದು ವಕೀಲರ ನೋಟಿಸು. ಆ ಚೌಕಟ್ಟಿನಲ್ಲಿ ಮಾದರಿಯೆಂದು ಮೂರು ಹೆಸರುಗಳನ್ನೂ ಕೊಟ್ಟಿದ್ದಿರಿ. ಅವುಗಳಲ್ಲಿ ಎರಡರಲ್ಲಿ ಪ್ರಸಿದ್ಧ ಕಂಪನಿಗಳ ಹೆಸರಿದೆ. ಮೂರನೆಯದು ‘ಅಡುಗೆಪಾತ್ರೆ’. ಅದನ್ನು ನಾನು ಯಲ್ಲಾಪುರದಲ್ಲಿರುವ ನನ್ನ ಭಾವನಿಗೂ ಅವನ ಇಬ್ಬರು ಮಕ್ಕಳಿಗೂ ಫೋನಿನಲ್ಲಿ ಒಮ್ಮೆ ಹೇಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕೇಳಿದೆ. ಸೊಸೈಟಿಯ ಅಡಿಕೆ ತೂಕದ ಚೀಟಿಯ ಹಿಂಬದಿಯಲ್ಲಿ ಮೂವರೂ ಬರೆದು ಫೋಟೊ ಕಳುಹಿಸಿದ್ದಾರೆ. ಒಬ್ಬರದು ಅಡಿಗೆಯಾಗಿದೆ, ಒಬ್ಬರ ಪಾತ್ರೆಯಲ್ಲಿ ಎಚ್ ಇದೆ, ಇನ್ನೊಬ್ಬರದರಲ್ಲಿ ಎಚ್ ಇಲ್ಲದೆ ಎರಡು ಎ ಇವೆ. ಆ ಚೀಟಿಯ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ